ಬೇಗ ‘ಇಲ್ಲ’ ಎನ್ನುವ ವಿದ್ಯೆ

ಡೇಟಾಬೇಸ್ ಲ್ಯಾಬಿಗೆ ಬರುವ ನಮ್ಮ ಕಾಲೇಜಿನ ಮಕ್ಕಳು ಮೊದಮೊದಲು ಬರೆಯುವ ಕ್ವೆರಿ ಹೆಚ್ಚುಕಡಿಮೆ ಹೀಗಿರುತ್ತದೆ: ‘ಸೆಲೆಕ್ಟ್ ಯುಎಸ್‌ಎನ್, ಮಾರ್ಕ್ಸ್ ಫ್ರಮ್ ರಿಸಲ್ಟ್ ವೇರ್ ಸೆಮ್ = 5’. ಐದನೇ ಸೆಮಿಸ್ಟರಿನವರ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಮತ್ತು ಅಂಕ ಕೊಡು ಎಂದರ್ಥ. ಸಂಖ್ಯೆಯನ್ನು ಬಿಟ್ಟರೆ ಇದರಲ್ಲಿ ಏಳು ಪದಗಳಿವೆ. ಸೆಲೆಕ್ಟ್, ಫ್ರಮ್, ವೇರ್ ಈ ಮೂರು ಎಸ್‌ಕ್ಯೂಎಲ್ ಭಾಷೆಯ ಸ್ವಂತ ಪದಗಳು, ಅಂದರೆ ಕೀವರ್ಡ್‌ಗಳು. ಮಿಕ್ಕ ನಾಲ್ಕು ನಾವು ಇಟ್ಟುಕೊಂಡ ಹೆಸರುಗಳು. ಯಾವುದು ಭಾಷೆಯದು, ಯಾವುದು ನಮ್ಮದು ಎಂದು ಡೇಟಾಬೇಸಿಗೆ ಮೊದಲೇ ತಿಳಿದಿರುವುದಿಲ್ಲ. ಸಾಲು ಕೈಗೆ ಸಿಕ್ಕ ಕೂಡಲೇ ಒಂದೊಂದೇ ಪದವನ್ನು ಎತ್ತಿ ‘ಇದು ನನ್ನ ಕೀವರ್ಡ್ ಪಟ್ಟಿಯಲ್ಲಿದೆಯೇ?’ ಎಂದು ನೋಡಬೇಕು. ಏಳರಲ್ಲಿ ನಾಲ್ಕು ಸಲ ಬರುವ ಉತ್ತರ ‘ಇಲ್ಲ’. ಕಚೇರಿ, ಬ್ಯಾಂಕು, ರೈಲ್ವೆಗಳಲ್ಲಿ ಓಡುವ ಉದ್ದನೆಯ ಕ್ವೆರಿಗಳಲ್ಲಿ ಕಾಲಂ ಹೆಸರುಗಳೇ ತುಂಬಿರುವುದರಿಂದ ‘ಇಲ್ಲ’ದ ಪಾಲು ಇನ್ನೂ ಹೆಚ್ಚು.

ಹ್ಯಾಶಿಂಗ್‌ನ ಇತಿಹಾಸವನ್ನು ಪಠ್ಯಪುಸ್ತಕಗಳು ಬೇಗ ಹುಡುಕಿಕೊಡುವ ಕಥೆಯಾಗಿ ಹೇಳುತ್ತವೆ. ಬಹಳ ಕಾಲದಿಂದ ಕಂಪೈಲರ್ ಪಾಠ ಮಾಡುತ್ತಿರುವ ನನಗೆ ಅದು ‘ಇಲ್ಲ’ ಎನ್ನಲು ತಗಲುವ ಖರ್ಚನ್ನು ಇಳಿಸುತ್ತ ಬಂದ ಕಥೆಯಾಗಿ ಕಾಣುತ್ತದೆ. ಡೇಟಾಬೇಸುಗಳ ಕೀವರ್ಡ್ ಹುಡುಕಾಟದಲ್ಲಿ ಇದು ನಿಚ್ಚಳವಾಗಿ ತೋರುತ್ತದೆ. ಅದಕ್ಕೇ, ಯಾರೂ ಗಮನಿಸದ ಈ ಸಣ್ಣ ಕೆಲಸದ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಜವಳಿ ಉದ್ಯಮದಿಂದ ಬಂದ ಒಬ್ಬ ಮನುಷ್ಯನಿಂದ. ಹಾನ್ಸ್ ಪೀಟರ್ ಲೂನ್ ಜರ್ಮನಿಯಲ್ಲಿ 1896ರಲ್ಲಿ ಹುಟ್ಟಿದವರು. ಬಟ್ಟೆಯಲ್ಲಿ ನೂಲಿನ ಎಳೆಗಳನ್ನು ಎಣಿಸುವ ಲೂನೋಮೀಟರ್ ಎಂಬ ಸಾಧನವನ್ನು ಮಾಡಿದ ಅವರು ಆಮೇಲೆ ಅಮೆರಿಕದ ಐಬಿಎಂ ಸೇರಿದರು. ಕ್ರೆಡಿಟ್ ಕಾರ್ಡಿನ ಸಂಖ್ಯೆಯಲ್ಲಿ ಒಂದಂಕಿ ತಪ್ಪಾಗಿ ಒತ್ತಿದರೆ, ಬ್ಯಾಂಕನ್ನು ಕೇಳುವುದಕ್ಕೂ ಮೊದಲೇ ವೆಬ್ ಪುಟ ‘ಈ ಸಂಖ್ಯೆ ಸರಿಯಿಲ್ಲ’ ಎನ್ನುತ್ತದಲ್ಲ, ಆ ಲೆಕ್ಕವೂ ಲೂನ್ ಅವರದೇ. ಅವರು 1953ರ ಜನವರಿಯಲ್ಲಿ ಐಬಿಎಂನ ಒಳಗೇ ಓಡಾಡುವ ಒಂದು ಟಿಪ್ಪಣಿ ಬರೆದರು. ಹುಡುಕಬೇಕಾದ ಪದವನ್ನೋ ಸಂಖ್ಯೆಯನ್ನೋ ಒಂದಿಷ್ಟು ಲೆಕ್ಕಕ್ಕೆ ಒಳಪಡಿಸಿ ಒಂದು ಚಿಕ್ಕ ಸಂಖ್ಯೆ ಮಾಡಿಕೊಳ್ಳಿ, ಆ ಸಂಖ್ಯೆಯ ಖಾನೆಗೆ ನೇರವಾಗಿ ಹೋಗಿ ನೋಡಿ, ಒಂದೇ ಖಾನೆಗೆ ಹಲವು ಪದಗಳು ಬಂದರೆ ಅವನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿ ಎಂಬುದು ಅದರ ಸಾರ. ಇಡೀ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಹುಡುಕುವ ಹಳೆಯ ಪದ್ಧತಿಯನ್ನು ಬಿಟ್ಟು, ಬೇಕೆಂದೇ ಚೆಲ್ಲಾಪಿಲ್ಲಿ ಮಾಡಿ ಹುಡುಕುವ ಈ ಉಪಾಯಕ್ಕೇ ಹ್ಯಾಶಿಂಗ್ ಎಂದು ಹೆಸರು.

ಅದೇ ಸುಮಾರಿಗೆ ಅದೇ ಕಂಪನಿಯ ಇನ್ನೊಂದು ಗುಂಪಿಗೂ ಇದು ಸ್ವತಂತ್ರವಾಗಿ ಹೊಳೆಯಿತು. ಜೀನ್ ಆಮ್ಡಾಲ್, ಎಲೈನ್ ಬೋಮ್, ನಥಾನಿಯಲ್ ರಾಚೆಸ್ಟರ್, ಆರ್ಥರ್ ಸ್ಯಾಮ್ಯುಯೆಲ್ ಈ ನಾಲ್ವರು ಐಬಿಎಂ 701 ಯಂತ್ರಕ್ಕೆ ಅಸೆಂಬ್ಲರ್ ಕಟ್ಟುತ್ತಿದ್ದರು. ಪ್ರೋಗ್ರಾಮಿನಲ್ಲಿ ಬರುವ ಹೆಸರುಗಳನ್ನು ಒಂದು ಟೇಬಲಿನಲ್ಲಿಟ್ಟು ಮತ್ತೆ ಮತ್ತೆ ಹುಡುಕಬೇಕಾಗಿತ್ತು. ಎಂದರೆ ನಮ್ಮ ಕೀವರ್ಡ್ ಹುಡುಕಾಟಕ್ಕೆ ತೀರ ಹತ್ತಿರದ ಕೆಲಸ. ಲೆಕ್ಕ ತೋರಿಸಿದ ಖಾನೆ ಭರ್ತಿಯಾಗಿದ್ದರೆ ಪಕ್ಕದ ಖಾನೆ, ಅದೂ ಭರ್ತಿಯಾಗಿದ್ದರೆ ಅದರ ಪಕ್ಕದ್ದು ಎಂಬ ಸರಳ ದಾರಿಯನ್ನು ಆಮ್ಡಾಲ್ ಸೂಚಿಸಿದರು. ಇಂದಿಗೂ ಅದು ಲೀನಿಯರ್ ಪ್ರೋಬಿಂಗ್ ಎಂಬ ಹೆಸರಿನಲ್ಲಿ ಸಿಲಬಸ್ಸಿನಲ್ಲಿದೆ. ಎಲೈನ್ ಬೋಮ್ ಹೆಸರನ್ನು ನಾನು ತರಗತಿಯಲ್ಲಿ ಬೇಕೆಂದೇ ಒತ್ತಿ ಹೇಳುತ್ತೇನೆ. ಮುಂದಿನ ಬೆಂಚಿನ ಹುಡುಗಿಯರು ಅದನ್ನು ಬರೆದುಕೊಳ್ಳುತ್ತಾರೆ.

ಐಬಿಎಂನ ಹೊರಗಿನ ಜಗತ್ತು ಇದನ್ನು ಅಚ್ಚಿನಲ್ಲಿ ಓದಿದ್ದು 1956ರ ಡಿಸೆಂಬರಿನಲ್ಲಿ, ಆರ್ನಾಲ್ಡ್ ಡ್ಯೂಮಿ ಬರೆದ ಲೇಖನದಲ್ಲಿ. ಅವಿಭಾಜ್ಯ ಸಂಖ್ಯೆಯೊಂದರಿಂದ ಭಾಗಿಸಿ ಶೇಷವನ್ನೇ ಖಾನೆಯ ಸಂಖ್ಯೆ ಮಾಡಿಕೊಳ್ಳಬಹುದು ಎಂದು ಮೊದಲು ಹೇಳಿದವರು ಅವರು. ಅತ್ತ ಸೋವಿಯತ್ ಒಕ್ಕೂಟದಲ್ಲಿ ಆಂದ್ರೇ ಎರ್ಶೋವ್ ಅಮೆರಿಕದ ಸುದ್ದಿಯೇ ಇಲ್ಲದೆ ಲೀನಿಯರ್ ಪ್ರೋಬಿಂಗನ್ನು ತಾವೇ ಕಂಡುಕೊಂಡು 1958ರಲ್ಲಿ ಪ್ರಕಟಿಸಿದರು. ಟೇಬಲಿನ ಮೂರನೇ ಎರಡು ಭಾಗ ತುಂಬಿದ್ದಾಗ, ಇರುವ ಪದವನ್ನು ಹುಡುಕಲು ಸರಾಸರಿ ಎರಡು ಖಾನೆಗಿಂತ ಹೆಚ್ಚು ನೋಡಬೇಕಾಗಿಲ್ಲ ಎಂದು ಅವರು ಪ್ರಯೋಗಗಳಿಂದ ಊಹಿಸಿದರು. ಊಹೆ ಸರಿಯಾಗಿತ್ತು. ಆದರೆ ಅದು ‘ಇರುವ’ ಪದದ ಲೆಕ್ಕ.

ಇಲ್ಲದ ಪದದ ಲೆಕ್ಕ ಕೊಟ್ಟವರು ಡೊನಾಲ್ಡ್ ಕನೂತ್. 1962ರಲ್ಲಿ ಅವರಿಗೆ ಇಪ್ಪತ್ತನಾಲ್ಕು ವಯಸ್ಸು. ಕಂಪೈಲರುಗಳ ಬಗ್ಗೆ ಒಂದು ಪುಸ್ತಕ ಬರೆಯಲು ಒಪ್ಪಿಕೊಂಡಿದ್ದರು. ಲೀನಿಯರ್ ಪ್ರೋಬಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಣಿತದಿಂದಲೇ ಬಿಡಿಸಿದರು. ಆ ಪುಸ್ತಕ ಬೆಳೆದು ಹಲವು ಸಂಪುಟಗಳ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಆಯಿತು. 1973ರಲ್ಲಿ ಬಂದ ಅದರ ಮೂರನೇ ಸಂಪುಟವನ್ನು ನಾನು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಕೊಂಡೆ. ಯಾರೋ ಹಿಂದಿನ ಒಡೆಯರು ಹ್ಯಾಶಿಂಗ್ ಅಧ್ಯಾಯದ ಅಂಚಿನ ತುಂಬ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದಾರೆ. ಕನೂತ್ ಅವರ ಸೂತ್ರಕ್ಕೆ ಎರ್ಶೋವ್ ಹೇಳಿದ ಮೂರನೇ ಎರಡನ್ನು ಹಾಕಿದರೆ, ಇರುವ ಪದಕ್ಕೆ ಸರಾಸರಿ 2 ಖಾನೆ, ಇಲ್ಲದ ಪದಕ್ಕೆ 5. ಟೇಬಲಿನ ಶೇಕಡಾ 90 ತುಂಬಿದ್ದರೆ ಇರುವ ಪದಕ್ಕೆ 5.5, ಇಲ್ಲದ ಪದಕ್ಕೆ 50.5! ಕಾರಣ ಸರಳ. ಇರುವ ಪದ ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ. ಇಲ್ಲದ ಪದಕ್ಕಾದರೆ ಖಾಲಿ ಖಾನೆಯೊಂದು ಸಿಗುವ ತನಕ ಪಕ್ಕಪಕ್ಕದ ಬಾಗಿಲನ್ನೆಲ್ಲ ತಟ್ಟುತ್ತ ಹೋಗಬೇಕು.

ಈ ವ್ಯತ್ಯಾಸವನ್ನೇ ಹಿಡಿದು ಹೊಸ ಉಪಾಯ ಕಟ್ಟಿದವರು ಬರ್ಟನ್ ಬ್ಲೂಮ್. 1970ರ ಅವರ ಲೇಖನದಲ್ಲಿರುವ ಉದಾಹರಣೆ ಐದು ಲಕ್ಷ ಇಂಗ್ಲಿಷ್ ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವ ಕೆಲಸ. ಸಾಧಾರಣ ನಿಯಮಗಳಿಂದ ನಾಲ್ಕೂವರೆ ಲಕ್ಷ ಪದಗಳನ್ನು ಒಡೆಯಬಹುದು. ಉಳಿದ ಐವತ್ತು ಸಾವಿರಕ್ಕೆ ಮಾತ್ರ ಡಿಸ್ಕಿನಲ್ಲಿರುವ ನಿಘಂಟನ್ನು ನೋಡಬೇಕು. ಆದ್ದರಿಂದ ‘ಈ ಪದಕ್ಕೆ ನಿಘಂಟು ಬೇಕಾಗಿಲ್ಲ’ ಎಂದು ಡಿಸ್ಕಿನ ಹತ್ತಿರ ಹೋಗದೆ ಹೇಳಿಬಿಡುವ ಒಂದು ಸಣ್ಣ ಜರಡಿಯನ್ನು ಮಧ್ಯೆ ಇಟ್ಟರು. ಅದು ಆಗೊಮ್ಮೆ ಈಗೊಮ್ಮೆ ತಪ್ಪಾಗಿ ‘ಇರಬಹುದು’ ಎನ್ನುತ್ತದೆ, ತಪ್ಪಾಗಿ ‘ಇಲ್ಲ’ ಎಂದು ಮಾತ್ರ ಎಂದೂ ಹೇಳುವುದಿಲ್ಲ. ಬ್ಲೂಮ್ ಫಿಲ್ಟರ್ ಎಂದು ಈಗ ಎಲ್ಲ ದೊಡ್ಡ ಡೇಟಾಬೇಸುಗಳಿಗೂ ಅದು ಪರಿಚಿತ.

ಕೀವರ್ಡುಗಳಿಗೆ ಮಾತ್ರ ಮಿಕ್ಕ ದತ್ತಾಂಶಕ್ಕಿಲ್ಲದ ಒಂದು ಅನುಕೂಲವಿದೆ. ಪಟ್ಟಿ ಮೊದಲೇ ಗೊತ್ತು. ನಾಳೆ ಯಾವ ವಿದ್ಯಾರ್ಥಿ ಸೇರುತ್ತಾನೋ, ಯಾವ ಯುಎಸ್‌ಎನ್ ಬರುತ್ತದೋ ಹೇಳಲಾಗದು. ಆದರೆ ಸಾಫ್ಟ್‌ವೇರಿನ ಮುಂದಿನ ಆವೃತ್ತಿ ಬರುವ ತನಕ ಕೀವರ್ಡ್ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಹಾಗಿದ್ದಮೇಲೆ ಪಟ್ಟಿಯನ್ನು ಮುಂದಿಟ್ಟುಕೊಂಡು, ಎರಡು ಪದಗಳು ಎಂದೂ ಒಂದೇ ಖಾನೆಗೆ ಬರದಂಥ ಲೆಕ್ಕವೊಂದನ್ನು ಹುಡುಕಿಬಿಟ್ಟರೆ? ಆಗ ‘ಇದೆ’ ಎನ್ನಲೂ ‘ಇಲ್ಲ’ ಎನ್ನಲೂ ಒಂದೇ ಖಾನೆ, ಒಂದೇ ಹೋಲಿಕೆ ಸಾಕು. ಇದಕ್ಕೆ ಪರ್ಫೆಕ್ಟ್ ಹ್ಯಾಶ್ ಎಂದು ಹೆಸರು.

ಅದು ಸಿಗುವುದು ಎಷ್ಟು ಕಷ್ಟ ಎಂಬುದಕ್ಕೂ ಕನೂತ್ ಅವರ ಸಂಪುಟದಲ್ಲೇ ಲೆಕ್ಕವಿದೆ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ 31 ಪದಗಳನ್ನು 41 ಖಾನೆಗಳಿಗೆ ಹಂಚುವ ದಾರಿಗಳು, 1ರ ಮುಂದೆ 50 ಸೊನ್ನೆ ಬರೆದಷ್ಟು. ಅವುಗಳಲ್ಲಿ ಎಲ್ಲೂ ಡಿಕ್ಕಿಯಾಗದ ದಾರಿಗಳು 1ರ ಮುಂದೆ 43 ಸೊನ್ನೆಯಷ್ಟು. ಎಂದರೆ ಕಣ್ಣುಮುಚ್ಚಿ ಆರಿಸಿದರೆ ಒಂದು ಕೋಟಿಗೆ ಒಂದು ದಾರಿ ಸರಿಹೋಗುತ್ತದೆ. ಇಪ್ಪತ್ತಮೂರು ಜನ ಸೇರಿದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕೂ ಹೆಚ್ಚು ಎಂಬ ಪ್ರಸಿದ್ಧ ಸೋಜಿಗದ ಇನ್ನೊಂದು ಮುಖ ಇದು.

ಆದರೂ ಜನ ಬಿಡಲಿಲ್ಲ. ಇಟಲಿಯ ರೆಂಜೋ ಸ್ಪ್ರುಗ್ನೋಲಿ 1977ರಲ್ಲಿ ಇಂಥ ಲೆಕ್ಕಗಳನ್ನು ಕ್ರಮಬದ್ಧವಾಗಿ ಹುಡುಕುವ ದಾರಿ ತೋರಿಸಿದರು. ರಿಚರ್ಡ್ ಚಿಚೆಲ್ಲಿ 1980ರಲ್ಲಿ ಪ್ಯಾಸ್ಕಲ್ ಭಾಷೆಯ 36 ಪದಗಳಿಗೆ ಅಚ್ಚುಕಟ್ಟಾದ ಸೂತ್ರವೊಂದನ್ನು ಕೊಟ್ಟರು. ಪದದ ಉದ್ದ, ಮೊದಲ ಅಕ್ಷರಕ್ಕೆ ಕೊಟ್ಟ ಬೆಲೆ, ಕೊನೆಯ ಅಕ್ಷರಕ್ಕೆ ಕೊಟ್ಟ ಬೆಲೆ, ಈ ಮೂರನ್ನು ಕೂಡಿಸಿದರೆ ಖಾನೆ ಸಂಖ್ಯೆ. ನಡುವಿನ ಅಕ್ಷರಗಳನ್ನು ಓದುವ ಗೋಜೇ ಇಲ್ಲ. ಆದರೆ ಉದ್ದ, ಮೊದಲು, ಕೊನೆ ಮೂರೂ ಒಂದೇ ಆಗಿರುವ ಎರಡು ಪದಗಳು ಪಟ್ಟಿಯಲ್ಲಿದ್ದರೆ ಸೂತ್ರ ಅಲ್ಲಿಗೇ ಮುಗಿಯಿತು. ಡಗ್ಲಸ್ ಶ್ಮಿಟ್ ಅವರ ಜಿಪರ್ಫ್ ಎಂಬ ತಂತ್ರಾಂಶ ಈ ದಾರಿಯನ್ನೇ ಅಗಲ ಮಾಡಿ, ಯಾವ ಯಾವ ಸ್ಥಾನದ ಅಕ್ಷರಗಳನ್ನು ನೋಡಿದರೆ ಸಾಕು ಎಂಬುದನ್ನು ತಾನೇ ಹುಡುಕಿಕೊಂಡು ಸಿ ಭಾಷೆಯಲ್ಲಿ ಕೋಡ್ ಬರೆದುಕೊಡುತ್ತಿತ್ತು. ಗ್ನೂ ಕಂಪೈಲರುಗಳು ಅದನ್ನು ಬಳಸಿಕೊಂಡವು.

ಇಷ್ಟು ಹೊತ್ತಿಗೆ ಡೇಟಾಬೇಸುಗಳ ಭಾಷೆಯೂ ಹುಟ್ಟಿ ದೊಡ್ಡದಾಗಿತ್ತು. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಇಬ್ಬರೂ 1974ರಲ್ಲಿ ಸೀಕ್ವೆಲ್ ಎಂಬ ಭಾಷೆಯನ್ನು ಮುಂದಿಟ್ಟರು. ಮುಂದೆ ಎಸ್‌ಕ್ಯೂಎಲ್ ಆದದ್ದು ಅದೇ. ಪ್ರೋಗ್ರಾಮರ್ ಅಲ್ಲದವರಿಗೂ ತಿಳಿಯಲಿ ಎಂದು ಇಂಗ್ಲಿಷ್ ವಾಕ್ಯದ ಹಾಗೆ ಕಾಣುವಂತೆ ಮಾಡಿದ ಭಾಷೆ ಅದು. ಹೊಸ ಸೌಲಭ್ಯ ಬಂದಾಗಲೆಲ್ಲ ಹೊಸ ಪದಗಳೂ ಬಂದವು. 1989ರ ಸಿ ಭಾಷೆಗೆ 32 ಕೀವರ್ಡ್ ಸಾಕಾಗಿದ್ದರೆ, ಡೇಟಾಬೇಸುಗಳಲ್ಲೊಂದಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಟ್ಟಿ ನಾನೂರು ದಾಟಿತು. ಮೂವತ್ತು ಪದಗಳಿದ್ದಾಗ ಹೇಗೆ ಹುಡುಕಿದರೂ ನಡೆಯುತ್ತದೆ. ನಾನೂರರ ಮಾತು ಬೇರೆ.

ಎಲ್ಲರೂ ಪುಕ್ಕಟೆಯಾಗಿ ತೆರೆದು ನೋಡಬಹುದಾದ ಮೂರು ಡೇಟಾಬೇಸುಗಳು ಇದೇ ಸಮಸ್ಯೆಯನ್ನು ಮೂರು ಬಗೆಯಲ್ಲಿ ಬಿಡಿಸಿಕೊಂಡವು. ಮೂರರ ಕೋಡನ್ನೂ ನಾನು ಪ್ರೊಜೆಕ್ಟರಿನಲ್ಲಿ ಹಾಕಿ ತೋರಿಸುತ್ತೇನೆ. ಅಷ್ಟರಲ್ಲಿ ಯಾರಾದರೊಬ್ಬರು ‘ಮ್ಯಾಮ್, ಹ್ಯಾಶ್ ಟೇಬಲ್ ಹಾಕಿದ್ರೆ ಆಯ್ತಲ್ಲ, ಇದ್ರಲ್ಲೇನಿದೆ?’ ಎಂದು ಕೇಳಿಯೇ ಕೇಳುತ್ತಾರೆ. ‘ಯಾವ ಹ್ಯಾಶಪ್ಪಾ?’ ಎಂದು ನಾನು ಕೇಳುತ್ತೇನೆ. ಪಾಠ ಅಲ್ಲಿಂದ ಶುರು.

ಮೈಎಸ್‌ಕ್ಯೂಎಲ್ ತನ್ನ ಫೈಲಿನ ಹೆಸರಿನಲ್ಲಿ ಹ್ಯಾಶ್ ಎಂದು ಉಳಿಸಿಕೊಂಡಿದ್ದರೂ ಒಳಗಿರುವುದು ಅಕ್ಷರ ಅಕ್ಷರವಾಗಿ ಕವಲೊಡೆಯುವ ಮರ. ಮೊದಲು ಪದದ ಉದ್ದ ನೋಡುತ್ತದೆ, ಆಮೇಲೆ ಒಂದೊಂದೇ ಅಕ್ಷರ. ಪಟ್ಟಿಯಲ್ಲಿರುವ ಯಾವ ಪದಕ್ಕೂ ಹೊಂದದ ಅಕ್ಷರ ಬಂದ ಜಾಗದಲ್ಲೇ ‘ಇಲ್ಲ’ ಎಂದು ಹೊರಬೀಳುತ್ತದೆ. ಆ ಕೋಡನ್ನು ಬರೆದವರು ಮೇಲ್ಗಡೆಯ ಟಿಪ್ಪಣಿಯಲ್ಲಿ ಈ ಉಪಾಯ ಕನೂತ್ ಅವರ ಮೂರನೇ ಸಂಪುಟದ್ದು ಎಂದು ಹೇಳಿ, ಅಧ್ಯಾಯದ ಹೆಸರನ್ನು ರಷ್ಯನ್ ಅನುವಾದದಿಂದ ಮತ್ತೆ ಇಂಗ್ಲಿಷಿಗೆ ತಂದಿದ್ದೇನೆ ಎಂದು ನಗುಮುಖದ ಗುರುತು ಹಾಕಿದ್ದಾರೆ. ಎರ್ಶೋವ್ ಅವರ ನಾಡಿನ ಭಾಷೆಯಲ್ಲಿ ಕನೂತರನ್ನು ಓದಿದ ಯಾರೋ ಒಬ್ಬರ ಕೈಬರಹ ಕೋಟ್ಯಂತರ ಸರ್ವರುಗಳಲ್ಲಿ ಓಡಿದ ತಂತ್ರಾಂಶದಲ್ಲಿ ಉಳಿದುಕೊಂಡಿದೆ.

ರಿಚರ್ಡ್ ಹಿಪ್ ಅವರು 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್‌ಗೆ ಜಾಗದ್ದೇ ಚಿಂತೆ. ಇಂದು ಎಲ್ಲ ಮೊಬೈಲುಗಳಲ್ಲೂ ಕೂತಿರುವ ಚಿಕ್ಕ ಡೇಟಾಬೇಸ್ ಅದು. ಅದರ ಕೀವರ್ಡುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಅಂತ್ಯಾಕ್ಷರಿ ಹಾಡಿನ ಹಾಗೆ ಒಂದೇ ಉದ್ದನೆಯ ದಾರವಾಗಿ ಪೋಣಿಸಿದ್ದಾರೆ. ಡೇಟಾಬೇಸ್ ಎಂಬ ಪದದ ಕೊನೆಯ ಎರಡು ಅಕ್ಷರಗಳಿಂದ ಸೆಲೆಕ್ಟ್ ಶುರುವಾಗುತ್ತದೆ, ಸೆಲೆಕ್ಟ್‌ನ ಕೊನೆಯ ಅಕ್ಷರದಿಂದ ಟೇಬಲ್. ಹೀಗೆ ಸುಮಾರು ಮೂರನೇ ಒಂದು ಭಾಗ ಜಾಗ ಉಳಿಯುತ್ತದೆ. ಹುಡುಕುವ ಲೆಕ್ಕ ಚಿಚೆಲ್ಲಿಯವರ ವಂಶದ್ದು. ಮೊದಲ ಅಕ್ಷರವನ್ನು ನಾಲ್ಕರಿಂದ, ಕೊನೆಯದನ್ನು ಮೂರರಿಂದ ಗುಣಿಸಿ, ಪದದ ಉದ್ದವನ್ನೂ ಬೆರೆಸಿ, 127ರಿಂದ ಭಾಗಿಸಿದ ಶೇಷ. ಇದು ಪರ್ಫೆಕ್ಟ್ ಅಲ್ಲ. ಒಂದೇ ಖಾನೆಗೆ ಬಂದವನ್ನು ಲೂನ್ ಹೇಳಿದಂತೆ ಸರಪಳಿ ಮಾಡಿದ್ದಾರೆ. ನಿಮ್ಮ ವಿಳಾಸದ ಟೇಬಲಿನಲ್ಲಿ ಇಂಗ್ಲಿಷಿನಲ್ಲಿ ‘ಸ್ಟ್ರೀಟ್’ ಎಂಬ ಕಾಲಂ ಇದ್ದರೆ ಅದು ನೇರವಾಗಿ ‘ಸೆಲೆಕ್ಟ್’ ಇರುವ ಖಾನೆಗೇ ಹೋಗಿ ನಿಲ್ಲುತ್ತದೆ. ಎರಡಕ್ಕೂ ಆರು ಅಕ್ಷರ, ಎರಡಕ್ಕೂ ಮೊದಲು ಎಸ್, ಕೊನೆಗೆ ಟಿ. ಆಮೇಲೆ ಅಕ್ಷರ ಹೋಲಿಸಿ ‘ಇಲ್ಲ’ ಎನ್ನಬೇಕು. ಹಿಪ್ ಅವರಿಗೆ ಅಷ್ಟು ಖರ್ಚು ಒಪ್ಪಿಗೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಮಾತ್ರ ಬಹುಕಾಲ ಹ್ಯಾಶ್ ತಂಟೆಗೇ ಹೋಗಲಿಲ್ಲ. ಬರ್ಕ್ಲಿಯಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಯೋಜನೆಯ ಮುಂದುವರಿಕೆ ಇದು. ಈ ಹೆಸರು ಬಂದದ್ದು 1996ರಲ್ಲಿ. ಅದರ ಕೀವರ್ಡುಗಳು ಅಕಾರಾದಿಯಾಗಿ ಜೋಡಿಸಿದ ಒಂದು ಪಟ್ಟಿ. ಕ್ರಮ ತಪ್ಪಿಸಬೇಡಿ ಎಂದು ತಲೆಯ ಮೇಲೆ ದೊಡ್ಡ ಎಚ್ಚರಿಕೆ. ಹುಡುಕುವುದು ಬೈನರಿ ಸರ್ಚಿನಿಂದ, ನಡುವಿನ ಪದವನ್ನು ನೋಡಿ ಅರ್ಧ ಪಟ್ಟಿಯನ್ನು ಕೈಬಿಡುತ್ತ ಹೋಗುವುದು. ನಾನೂರು ಚಿಲ್ಲರೆ ಪದಗಳಲ್ಲಿ ಇರುವ ಪದ ನಡುವೆಯೇ ಎಲ್ಲಾದರೂ ಸಿಕ್ಕಬಹುದು. ಇಲ್ಲದ ಪದಕ್ಕೆ ಪೂರ್ತಿ ಕೆಳಗಿನ ತನಕ ಇಳಿಯಲೇಬೇಕು, ಒಟ್ಟು ಎಂಟು-ಒಂಬತ್ತು ಹೋಲಿಕೆ. ಒಂದೊಂದು ಹೋಲಿಕೆಗೂ ಮೆಮೊರಿಯ ಬೇರೆ ಬೇರೆ ಮೂಲೆಯಲ್ಲಿರುವ ಪದವನ್ನು ತರಿಸಬೇಕು. ಎಂದರೆ ಯುಎಸ್‌ಎನ್ ಎಂಬ ನಮ್ಮ ಹುಡುಗರ ಕಾಲಂ ಹೆಸರಿಗೆ ಸೆಲೆಕ್ಟ್‌ಗಿಂತ ಹೆಚ್ಚು ಸೇವೆ!

ಇದನ್ನು ಬದಲಿಸಿದ್ದು 2018ರ ಕೊನೆ, 2019ರ ಆರಂಭ. ಮೊದಲ ಹೆಜ್ಜೆ ಜಾಗದ್ದು. ಅಲ್ಲಿಯ ತನಕ 64 ಬಿಟ್ ಯಂತ್ರದಲ್ಲಿ ಒಂದೊಂದು ಕೀವರ್ಡಿಗೂ ಅದರ ಅಕ್ಷರಗಳಲ್ಲದೆ 16 ಬೈಟ್ ಬೇಕಿತ್ತು, ಅದರಲ್ಲಿ 8 ಬೈಟ್ ಪಾಯಿಂಟರಿಗೇ. ಜಾನ್ ನೇಲರ್ ಎಂಬ ಡೆವಲಪರ್ ಇದನ್ನು ತೆಳ್ಳಗೆ ಮಾಡುವ ಕೆಲಸಕ್ಕೆ ಕೈಹಾಕಿದರು. ಪದಗಳನ್ನೆಲ್ಲ ಸಾಲಾಗಿ ಒಂದೇ ದಾರದಲ್ಲಿಟ್ಟು, ಯಾವುದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಎರಡೆರಡು ಬೈಟಿನ ಗುರುತು ಇಟ್ಟರೆ ಸಾಕು. ಎರಡನೇ ಹೆಜ್ಜೆ ಹುಡುಕುವ ಪದ್ಧತಿಯದು. ಹ್ಯಾಶ್ ಹಾಕಿದರೆ ಬೇಗ ಆದೀತು ಎಂಬ ಗುಮಾನಿ ಆ ಬಳಗಕ್ಕೆ ಬಹಳ ಕಾಲದಿಂದ ಇತ್ತು. ಲೆಕ್ಕವನ್ನು ಹುಡುಕಿಕೊಡುವ ಒಪ್ಪುವಂಥ ಸಲಕರಣೆ ಮಾತ್ರ ಸಿಕ್ಕಿರಲಿಲ್ಲ. ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಬಳಗದ ಯೋರ್ಗ್ ಸೋನೆನ್‌ಬರ್ಗರ್ ತಮ್ಮ ವ್ಯವಸ್ಥೆಗೆ ಅಂಥದೊಂದನ್ನು ಆಗಲೇ ಬರೆದಿದ್ದರು. ಅವರು ಮಾದರಿ ಕೋಡ್ ತೋರಿಸಿ, ಇದನ್ನು ನೀವೇ ಬರೆದುಕೊಳ್ಳುವುದು ಹುಚ್ಚಾಟವೇನಲ್ಲ ಎಂದು ಮನವರಿಕೆ ಮಾಡಿಕೊಟ್ಟರು. ದಶಕಗಳಿಂದ ಆ ಡೇಟಾಬೇಸಿನ ಬೆನ್ನೆಲುಬಾಗಿರುವ ಟಾಮ್ ಲೇನ್ ಅದನ್ನು ಪರ್ಲ್ ಭಾಷೆಯ ಒಂದು ಸಣ್ಣ ಮಾಡ್ಯೂಲಾಗಿ ಬರೆದು 2019ರ ಜನವರಿಯಲ್ಲಿ ಸೇರಿಸಿದರು.

ಅವರು ಆರಿಸಿಕೊಂಡ ಗಣಿತ ಹೊಸದೇನಲ್ಲ. ಜ್ಬಿಗ್ನೆವ್ ಚೆಕ್, ಜಾರ್ಜ್ ಹವಾಸ್, ಬೋಹ್ದಾನ್ ಮಯೆವ್‌ಸ್ಕಿ ಈ ಮೂವರು 1992ರಲ್ಲಿ ಪ್ರಕಟಿಸಿದ್ದು. ಕರಿಹಲಗೆಯ ಮೇಲೆ ನಾನು ಅದನ್ನು ಹೀಗೆ ಬಿಡಿಸುತ್ತೇನೆ. ಕೀವರ್ಡುಗಳ ಎರಡರಷ್ಟಕ್ಕಿಂತ ತುಸು ಹೆಚ್ಚು ಚುಕ್ಕಿಗಳನ್ನು ಇಡಿ. ಒಂದೊಂದು ಪದಕ್ಕೂ ಎರಡು ಬೇರೆ ಬೇರೆ ಹ್ಯಾಶ್ ಲೆಕ್ಕ ಮಾಡಿ. ಎರಡೂ ಒಂದೊಂದು ಚುಕ್ಕಿಯನ್ನು ತೋರಿಸುತ್ತವೆ. ಆ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯಿರಿ. ಆ ಗೆರೆಯೇ ಆ ಪದ. ಎಲ್ಲ ಪದಗಳ ಗೆರೆ ಎಳೆದ ಮೇಲೆ ಎಲ್ಲಿಯೂ ಗೆರೆಗಳು ಸುತ್ತಿ ಬಂದು ಮುಚ್ಚಿಕೊಂಡಿರಬಾರದು. ಮುಚ್ಚಿಕೊಂಡಿದ್ದರೆ ಹಲಗೆ ಒರೆಸಿ, ಹ್ಯಾಶ್ ಲೆಕ್ಕದ ಅಂಕಿ ಬದಲಿಸಿ ಮತ್ತೆ ಎಳೆಯಿರಿ. ಚುಕ್ಕಿಗಳು ಧಾರಾಳವಾಗಿರುವುದರಿಂದ ಕೆಲವೇ ಸಲಕ್ಕೆ ಸರಿಹೋಗುತ್ತದೆ. ಸುತ್ತು ಇಲ್ಲದ ಮೇಲೆ ಚುಕ್ಕಿಗಳಿಗೆ ಸಂಖ್ಯೆ ಕೊಡುವುದು ಸುಲಭ. ಒಂದು ತುದಿಗೆ ಸೊನ್ನೆ ಕೊಟ್ಟು, ಗೆರೆಯ ಎರಡು ತುದಿಗಳ ಮೊತ್ತ ಆ ಪದದ ಕ್ರಮಸಂಖ್ಯೆ ಆಗುವಂತೆ ಇನ್ನೊಂದು ತುದಿಗೆ ಕೊಡುತ್ತ ಹೋಗಬೇಕು. ಆಮೇಲೆ ಯಾವುದೇ ಕೀವರ್ಡ್ ಬಂದರೂ ಎರಡು ಚುಕ್ಕಿಯ ಸಂಖ್ಯೆ ಕೂಡಿಸಿದರೆ ಅದರ ಕ್ರಮಸಂಖ್ಯೆ ಸಿಕ್ಕಿತು.

ಈ ವಿಧಾನದ ದೊಡ್ಡ ಗುಣವೆಂದರೆ ಪದಗಳ ಕ್ರಮ ನಿಮ್ಮ ಇಷ್ಟದ್ದೇ ಇರಬಹುದು. ಪೋಸ್ಟ್‌ಗ್ರೆಸ್‌ನವರು ಹಳೆಯ ಅಕಾರಾದಿ ಕ್ರಮವನ್ನೇ ಉಳಿಸಿಕೊಂಡರು. ಹ್ಯಾಶ್ ಬಂದ ಮೇಲೂ ಪಟ್ಟಿ ಅಕಾರಾದಿಯಾಗಿರದಿದ್ದರೆ ಅವರ ಪರ್ಲ್ ತಂತ್ರಾಂಶ ಕೆಲಸ ಮಾಡಲು ಒಪ್ಪುವುದಿಲ್ಲ. ಕಾಯಿದೆಗೆ ಕಾರಣವಾದದ್ದು ಹೋದರೂ ಕಾಯಿದೆ ಉಳಿದಿದೆ. ಓದುವವರಿಗೆ ಅನುಕೂಲ ಎಂಬುದು ಈಗಿನ ಕಾರಣ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ‘ಇಲ್ಲ’ಕ್ಕೆ ತೋರಿದ ಅಕ್ಕರೆ. ಮೊದಲನೆಯದಾಗಿ, ಪಟ್ಟಿಯಲ್ಲಿನ ಅತಿ ಉದ್ದದ ಪದಕ್ಕಿಂತ ಉದ್ದನೆಯ ಪದ ಬಂದರೆ ಯಾವ ಲೆಕ್ಕವನ್ನೂ ಮಾಡದೆ ‘ಇಲ್ಲ’. ಆ ಅತಿ ಉದ್ದದ ಪದ ಇಂಗ್ಲಿಷಿನ ‘ಕರೆಂಟ್_ಟೈಮ್‌ಸ್ಟ್ಯಾಂಪ್’, ನಡುವಿನ ಅಡಿಗೆರೆಯೂ ಸೇರಿ 17 ಅಕ್ಷರ. ಎರಡನೆಯದಾಗಿ, ಯಾವ ಪದವೂ ಮುಟ್ಟದೆ ಖಾಲಿ ಉಳಿದ ಚುಕ್ಕಿಗಳಿಗೆ ಬೇಕೆಂದೇ ದೊಡ್ಡ ಸಂಖ್ಯೆ ತುಂಬಿದ್ದಾರೆ. ಹೊರಗಿನ ಪದವೊಂದು ಅಲ್ಲಿ ಹೋಗಿ ಬಿದ್ದರೆ ಮೊತ್ತ ಪಟ್ಟಿಯ ಆಚೆ ಹೋಗುತ್ತದೆ, ಅಕ್ಷರ ಹೋಲಿಸದೆಯೇ ‘ಇಲ್ಲ’. ಈ ಎರಡು ಜರಡಿಯನ್ನೂ ದಾಟಿದ ಪದಕ್ಕೆ ಮಾತ್ರ ಒಂದೇ ಒಂದು ಹೋಲಿಕೆ.

ಹ್ಯಾಶ್ ಲೆಕ್ಕದ ಗುಣಕಗಳಲ್ಲೂ ಜಾಣತನವಿದೆ. ಒಂದು 257. ಇನ್ನೊಂದನ್ನು 17, 31, 127, 8191 ಇವುಗಳಲ್ಲಿ ಯಾವುದು ಹೊಂದುತ್ತದೋ ನೋಡಿ ಆರಿಸುತ್ತಾರೆ. ಎಲ್ಲವೂ ಎರಡರ ಘಾತಕ್ಕೆ ಒಂದು ಕೂಡಿಸಿದ ಅಥವಾ ಕಳೆದ ಅವಿಭಾಜ್ಯ ಸಂಖ್ಯೆಗಳು. ಡ್ಯೂಮಿ ಅವಿಭಾಜ್ಯದಿಂದ ಭಾಗಿಸಿದ್ದರು, ಇಲ್ಲಿ ಗುಣಿಸಲೂ ಅದೇ ಬಂತು. ಯಂತ್ರವು ಬಿಟ್ಟುಗಳನ್ನು ಪಕ್ಕಕ್ಕೆ ಸರಿಸಿ ಒಮ್ಮೆ ಕೂಡಿಸಿದರೆ ಅಥವಾ ಕಳೆದರೆ ಗುಣಾಕಾರ ಮುಗಿಯುತ್ತದೆ. ಇಷ್ಟಕ್ಕೆ ಬೇಕಾದ ಟೇಬಲ್ ಕೀವರ್ಡಿಗೆ ಸುಮಾರು 4 ಬೈಟ್, ಮೊದಲ ಹೆಜ್ಜೆಯಲ್ಲಿ ಉಳಿಸಿದ್ದಕ್ಕಿಂತ ಕಡಿಮೆ. ಅಂದಿನ ಪ್ರಾಥಮಿಕ ಅಳತೆಯಲ್ಲಿ, ಸಾಲನ್ನು ಪದ ಪದವಾಗಿ ಬಿಡಿಸಿ ವ್ಯಾಕರಣ ನೋಡುವ ಇಡೀ ಮೊದಲ ಹಂತದ ಹೊತ್ತು ಸುಮಾರು ಶೇಕಡಾ 20 ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 12ನೇ ಆವೃತ್ತಿಯೊಂದಿಗೆ ಇದು ಜನರ ಕೈ ಸೇರಿತು.

1992ರ ಗಣಿತ ಬಳಕೆಗೆ ಬರಲು 2019 ಆಗಬೇಕಾಯಿತೇ ಎಂದು ಕೇಳುವವರಿದ್ದಾರೆ. ಇಂಥ ತಂತ್ರಾಂಶವನ್ನು ಕಟ್ಟುವವರ ಕಷ್ಟ ಬೇರೆ. ಎಷ್ಟೋ ಬಗೆಯ ಯಂತ್ರಗಳಲ್ಲಿ, ಎಷ್ಟೋ ಬಗೆಯ ಕಂಪೈಲರುಗಳಲ್ಲಿ ಅದು ಅಳ್ಳಾಡದೆ ತಯಾರಾಗಬೇಕು. ಹೊರಗಿನ ಒಂದು ಸಲಕರಣೆಯನ್ನು ಕಡ್ಡಾಯ ಮಾಡಿದರೆ ಅದರ ಯೋಗಕ್ಷೇಮವೂ ಹೆಗಲಿಗೆ ಬೀಳುತ್ತದೆ. ಪರ್ಲ್ ಅವರ ತಯಾರಿಕೆಯಲ್ಲಿ ಆಗಲೇ ಇತ್ತು. ಅದರಲ್ಲೇ ಕೆಲವು ನೂರು ಸಾಲುಗಳಲ್ಲಿ ಮುಗಿಯುತ್ತದೆ ಎಂದು ಗೊತ್ತಾದ ದಿನ ಹಳೆಯ ಗಣಿತಕ್ಕೆ ಬಾಗಿಲು ತೆರೆಯಿತು. ಹ್ಯಾಶ್ ಆರಿಸುವಾಗ ವೇಗವೊಂದನ್ನೇ ನೋಡುವ ಮಕ್ಕಳಿಗೆ ನಾನು ಈ ಇಪ್ಪತ್ತೇಳು ವರ್ಷಗಳನ್ನು ನೆನಪಿಸುತ್ತೇನೆ.

ಆ ಪರ್ಲ್ ಮಾಡ್ಯೂಲು ಮುಂದೆ ಕನ್ನಡದ ಬಳಿಗೂ ಬಂತು. ಯೂನಿಕೋಡಿನಲ್ಲಿ ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ‘ಕೋ’ ಆದರೆ ಮೂರಾಗಿಯೂ ಒಡೆಯುತ್ತದೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಕೋಲಾರ’ ಎಂದು ಹುಡುಕಿದಾಗ ಟೇಬಲಿನಲ್ಲಿರುವ ‘ಕೋಲಾರ’ ಸಿಗದೆ ಹೋಗುವುದು ಹೀಗೆಯೇ. ಎರಡನ್ನೂ ಒಂದು ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 2020ರ 13ನೇ ಆವೃತ್ತಿಯಲ್ಲಿ ಬಂತು. ಒಂದೊಂದು ಅಕ್ಷರವನ್ನೂ ಎತ್ತಿ ‘ಇದು ಒಡೆಯುವ ಅಕ್ಷರವೇ?’ ಎಂದು ಸಾವಿರಾರು ಸಾಲಿನ ಪಟ್ಟಿಯಲ್ಲಿ ನೋಡಬೇಕು. ಕನ್ನಡದಲ್ಲಿ ಒಡೆಯುವುದು ಕೇವಲ ಐದು ಸ್ವರಚಿಹ್ನೆಗಳು: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಉಳಿದದ್ದಕ್ಕೆಲ್ಲ ಉತ್ತರ ‘ಇಲ್ಲ’. ಅಲ್ಲಿಯೂ ಮೊದಲು ಬೈನರಿ ಸರ್ಚೇ ಇತ್ತು. 14ನೇ ಆವೃತ್ತಿಯಲ್ಲಿ ಅದೇ ಮಾಡ್ಯೂಲಿನಿಂದ ಹ್ಯಾಶ್ ತಯಾರಿಸಿ ಹಾಕಿದರು. ಅಕ್ಷರಗಳನ್ನು ಮತ್ತೆ ಕೂಡಿಸುವ ಕೆಲಸ 30ರಿಂದ 40 ಪಟ್ಟಿನ ತನಕ ಚುರುಕಾಯಿತು.

ಆದರೆ ಸರ್ವರಿನಲ್ಲಿ ಮಾತ್ರ. ಗ್ರಾಹಕರ ಕಡೆ ಕೂರುವ ಲೈಬ್ರರಿಯೂ ಪಾಸ್‌ವರ್ಡ್ ಸರಿಮಾಡಿಕೊಳ್ಳಲು ಇದೇ ಪಟ್ಟಿಯನ್ನು ನೋಡುತ್ತದೆ. ಅಲ್ಲಿ ಇವತ್ತಿಗೂ ಬೈನರಿ ಸರ್ಚನ್ನೇ ಉಳಿಸಿದ್ದಾರೆ. ಸಂಪರ್ಕ ಮಾಡಿಕೊಳ್ಳುವಾಗ ಒಮ್ಮೆ ಒಂದು ಪಾಸ್‌ವರ್ಡ್ ನೋಡುವ ಕೆಲಸಕ್ಕೆ ಹ್ಯಾಶ್ ಟೇಬಲಿನ ಹೆಚ್ಚುವರಿ ತೂಕವನ್ನು ಎಲ್ಲರ ಮೇಲೂ ಹೊರಿಸುವುದೇಕೆ ಎಂಬ ವಿವೇಚನೆ. ಒಂದೇ ಫೈಲಿನಲ್ಲಿ ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲಿವೆ. ‘ಯಾವ ಹ್ಯಾಶಪ್ಪಾ?’ ಎಂದು ಕೇಳುವ ನಾನು ಪಾಠದ ಕೊನೆಗೆ ಆ ಫೈಲನ್ನು ತೆರೆದು, ದಿನಕ್ಕೆ ಎಷ್ಟು ಸಲ ‘ಇಲ್ಲ’ ಎನ್ನಬೇಕಾದೀತು, ಒಂದೊಂದಕ್ಕೆ ಎಷ್ಟು ಕೊಡಲು ಸಿದ್ಧ ಎಂದು ಮೊದಲು ಲೆಕ್ಕ ಹಾಕಿ, ವಿಧಾನವನ್ನು ಆಮೇಲೆ ಆರಿಸಿ ಎಂದು ಹೇಳುತ್ತೇನೆ.